ಷಡ್ಡಕನ ಪರದೇಶಿ ಗಾಡಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತರ ಬೇಕಾಗುತ್ತದೆ. ಬಹಳ ದೂರದವರ ಮೇಲೆ ಅದು ಹುಟ್ಟುವುದಿಲ್ಲ. ಮುಂಬೈಯಲ್ಲಿ ಯಾರೋ ಸಿರಿವಂತ ತನ್ನ ಮನೆಯ ಮಾಳಿಗೆಯ ಮೇಲೆ ಹೆಲಿಕಾಪ್ಟರ್ ಇಳಿಸಿಕೊಳ್ಳುತ್ತಾನೆ ಎಂದು ಪೇಪರಿನಲ್ಲಿ ಓದಿದರೆ ನನಗೆ ಏನೂ ಆಗುವುದಿಲ್ಲ; ಪೇಪರು ಮಡಚಿಟ್ಟು ಒಂದು ಹಿಡಿ ಚುರುಮುರಿ ಹೆಚ್ಚಿಗೆ ತಿನ್ನುತ್ತೇನೆ. ತೀರಾ ಹತ್ತಿರದವರ ಮೇಲೂ ಹುಟ್ಟುವುದಿಲ್ಲ. ಸ್ವಂತ ತಮ್ಮ ಏನಾದರೂ ಕೊಂಡರೆ ಅದು ನಮ್ಮ ಮನೆಯದೇ ಎಂದು ಹೇಳಿಕೊಂಡು ಊರು ತಿರುಗಬಹುದು. ಹೊಟ್ಟೆಕಿಚ್ಚಿಗೆಂದೇ ಹೇಳಿ ಮಾಡಿಸಿದ ಸಂಬಂಧ ಷಡ್ಡಕನದು. ಹೆಂಡತಿಯ ತಂಗಿಯ ಗಂಡ. ಅವನು ನಮ್ಮ ರಕ್ತವೂ ಅಲ್ಲ, ನಾವು ಆರಿಸಿಕೊಂಡ ಗೆಳೆಯನೂ ಅಲ್ಲ. ಆದರೂ ಒಂದೇ ಅತ್ತೆ ಮಾಡಿದ ಹೋಳಿಗೆಯನ್ನು ಒಂದೇ ಪಂಕ್ತಿಯಲ್ಲಿ ಮಗ್ಗುಲಲ್ಲಿ ಕುಳಿತು ಉಣ್ಣಬೇಕು. ಪಕ್ಕದ ಎಲೆಗೆ ತುಪ್ಪ ಎಷ್ಟು ಬಿತ್ತು ಎಂದು ನೋಡದೆ ತನ್ನ ಹೋಳಿಗೆ ಮುರಿಯುವ ಷಡ್ಡಕ ಯಾರಾದರೂ ಇದ್ದರೆ ಅವನಿಗೆ ನನ್ನ ನಮಸ್ಕಾರ. ನಾನಂತೂ ಅಂಥವನಲ್ಲ.

ನಾನು ಗದಗಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನನ್ನ ಹತ್ತಿರ ಒಂದು ಕಾರಿದೆ. ನಮ್ಮ ದೇಶದಲ್ಲೇ ಹುಟ್ಟಿ, ನಮ್ಮ ದೇಶದ ತಗ್ಗುಗಳಲ್ಲೇ ಬಿದ್ದು ಎದ್ದು ದೊಡ್ಡದಾದ ಸಣ್ಣ ಕಾರು. ಕೊಂಡಾಗ ಬೆಳ್ಳಿ ಬಣ್ಣದ್ದಾಗಿತ್ತು. ಈಗ ಅಡಿಗೆಮನೆಯ ಹಳೆಯ ಪಾತ್ರೆಯ ಬಣ್ಣಕ್ಕೆ ಬಂದಿದೆ. ಅದರ ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನಾನೇ ಇಳಿದು, ಸುತ್ತು ಹಾಕಿ ಬಂದು, ಹೊರಗಿನಿಂದ ಬಾಗಿಲು ತೆಗೆಯಬೇಕು. ಹೊಸಬರು ಇದನ್ನು ನನ್ನ ವಿನಯವೆಂದು ತಿಳಿಯುತ್ತಾರೆ. ಏರು ಬಂದರೆ ತಂಪು ಗಾಳಿಯ ಯಂತ್ರವನ್ನು ಬಂದ್ ಮಾಡಬೇಕು, ಇಲ್ಲವಾದರೆ ಎಂಜಿನ್ನು ಮುನಿಸಿಕೊಳ್ಳುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅದು ನನ್ನನ್ನು ದಾರಿಯಲ್ಲಿ ಕೈಬಿಟ್ಟಿಲ್ಲ. ನನ್ನ ಹೆಂಡತಿ ಗಿರಿಜಾಳ ತವರು ಶಿರಹಟ್ಟಿ. ಮಾವನವರು ತೀರಿಕೊಂಡ ಮೇಲೆ ಆ ಮನೆಯ ಬಾಣಂತನ, ಜ್ವರ, ಮದುವೆ, ಸಾವು ಎಲ್ಲವೂ ನನ್ನ ಕಾರಿನಲ್ಲೇ ಓಡಾಡಿದವು. ಮುಂದಿನ ಸೀಟು ಅತ್ತೆಯವರದು. ಅದರ ಮುಂದಿನ ಖಾನೆಯಲ್ಲಿ ಅವರ ಎಲೆಅಡಿಕೆ ಚೀಲ ಕಾಯಮ್ಮಾಗಿ ಇರುತ್ತಿತ್ತು. ಕಾಲೇಜಿನಲ್ಲಿ ಪ್ರಾಚಾರ್ಯರಾಗುವ ಯೋಗ ನನಗೆ ಬರಲಿಲ್ಲ. ಆದರೆ ಶಿರಹಟ್ಟಿಯ ಆ ಮನೆಯಲ್ಲಿ ನಾನು ಹಿರಿಯ ಅಳಿಯ, ಮತ್ತು ಕಾರಿರುವ ಅಳಿಯ.

ಷಡ್ಡಕ ಪ್ರಭು ಬೆಟಗೇರಿಯವನು. ಕೈಮಗ್ಗದ ಸೀರೆಗಳ ವ್ಯಾಪಾರ. ಮೊದಲು ಸೀರೆಯ ಗಂಟನ್ನು ಸ್ಕೂಟರಿಗೆ ಕಟ್ಟಿಕೊಂಡು ತಿರುಗುತ್ತಿದ್ದ. ಆಗ ಅವನೆಂದರೆ ನನಗೆ ಬಹಳ ಪ್ರೀತಿ. ಹೋದ ವರ್ಷ ಒಂದು ಸಂಜೆ ನಮ್ಮ ಓಣಿಯೊಳಗೆ ಓಣಿಯಷ್ಟೇ ಅಗಲದ ಒಂದು ಕಪ್ಪು ಕಾರು ಸದ್ದಿಲ್ಲದೆ ಬಂದು ನಿಂತಿತು. ಬಾಗಿಲು ತೆರೆದು ಇಳಿದವನು ಪ್ರಭು. ಮುಂಬೈಯ ಗಿರಾಕಿಯೊಬ್ಬ ವಿದೇಶದಿಂದ ತರಿಸಿ, ಸ್ವಲ್ಪ ದಿನ ಓಡಿಸಿ ಬಿಟ್ಟಿದ್ದನ್ನು ಇವನು ಕೊಂಡಿದ್ದ. ಅವನು ಇಳಿದು ಬಾಗಿಲನ್ನು ಸುಮ್ಮನೆ ಮುಟ್ಟಿದ. ಅದು ಧಪ್ ಎಂದು ತಾನೇ ಹಾಕಿಕೊಂಡಿತು. ನನ್ನ ಕಾರಿನ ಬಾಗಿಲನ್ನು ಎರಡು ಸಲ ಬಡಿಯಬೇಕು. ನಾನು ಮನೆಗೆ ಬಂದದ್ದು ಓಣಿಗೆಲ್ಲ ಗೊತ್ತಾಗುವುದೇ ಹಾಗೆ.

"ಹಡಗಿನ್ಯಾಗ ಬಂದೈತ್ರಿ ಅಣ್ಣಾರ. ಇಡೀ ಗಾಡಿ ಅಲ್ಲೇ ಮಾಡಿದ್ದು," ಎಂದ ಪ್ರಭು.

"ಸಮುದ್ರದ ಉಪ್ಪಿನ ಗಾಳಿಗೆ ತಗಡು ಜಲ್ದಿ ತುಕ್ಕು ಹಿಡೀತೈತಿ, ನೋಡ್ಕೊ," ಎಂದೆ. ಆ ಹೊತ್ತಿಗೆ ನನ್ನ ಬಾಯಿಗೆ ಬಂದ ಶುಭಾಶಯ ಅಷ್ಟೇ.

ಅವನು ನಕ್ಕು ಚಾವಿಯನ್ನು ನನ್ನ ಕೈಯಲ್ಲಿಟ್ಟ. "ಮನಿಗೆ ಹಿರ್ಯಾರು ನೀವು. ಮೊದಲ ನೀವ ಹೊಡೀರಿ."

ಪ್ರಭುವಿನ ದೊಡ್ಡ ದೋಷ ಇದು. ಅವನು ಒಳ್ಳೆಯವನು. ಸೊಕ್ಕಿನವನಾಗಿದ್ದರೆ ನಾನು ನೆಮ್ಮದಿಯಿಂದ ಅವನನ್ನು ದ್ವೇಷಿಸಿಕೊಂಡು ಇರುತ್ತಿದ್ದೆ. "ನನಗ ಯಾಕೋ ಬೆನ್ನು ಹಿಡದೈತಪಾ," ಎಂದು ಚಾವಿ ತಿರುಗಿ ಕೊಟ್ಟೆ. ಆ ಸುಳ್ಳಿನ ಬೆನ್ನುನೋವನ್ನು ಮುಂದೆ ಒಂದು ವಾರ ಸಾಕಬೇಕಾಯಿತು. ಗಿರಿಜಾ ದಿನಾ ರಾತ್ರಿ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಆ ಕಾರಿನ ಗುಣಗಾನ ಮಾಡುತ್ತಿದ್ದಳು. ನಾನು ಬೋರಲು ಬಿದ್ದು ಕೇಳುತ್ತಿದ್ದೆ.

"ಏನ್ರೀ, ಒಳಗ ಕುಂತ್ರ ಹೊರಗಿನ ಸಪ್ಪಳ ಒಂಚೂರೂ ಕೇಳಂಗಿಲ್ಲ!"

"ಅದು ಚಲೋ ಅಲ್ಲ. ಹಿಂದ ಲಾರಿ ಹಾರ್ನ್ ಹೊಡದ್ರ ಹ್ಯಾಂಗ ಗೊತ್ತಾಗಬೇಕು?"

"ನಮ್ಮ ಗಾಡ್ಯಾಗ ಕುಂತ್ರೂ ಲಾರಿ ಹಾರ್ನ್ ಕೇಳಂಗಿಲ್ಲಲ್ರೀ, ನಮ್ಮ ಗಾಡಿ ಸಪ್ಪಳದಾಗ," ಎಂದಳು ಅವಳು.

ಅಂದಿನಿಂದ ನಾನು ದೇಶಿ ಕಾರು ಮತ್ತು ವಿದೇಶಿ ಕಾರುಗಳ ಬಾಳಿಕೆಯ ತುಲನೆಗೆ ಇಳಿದೆ. ತರಗತಿಯಲ್ಲಿ ಆಮದು ರಫ್ತಿನ ಪಾಠ ಬಂದಾಗಲೆಲ್ಲ ಸ್ವದೇಶಿಯ ಮೇಲೆ ಎಷ್ಟು ಆವೇಶದಿಂದ ಮಾತಾಡಿದೆನೆಂದರೆ ಹಿಂದಿನ ಬೆಂಚಿನವರೂ ತಲೆ ಎತ್ತಿ ನೋಡಿದರು. ಬಿಡಿ ಭಾಗ ಸಿಗದ ಯಂತ್ರ ಯಂತ್ರವೇ ಅಲ್ಲ, ನಮ್ಮ ರಸ್ತೆ ಗೊತ್ತಿಲ್ಲದ ಗಾಲಿ ಗಾಲಿಯೇ ಅಲ್ಲ ಎಂದೆ. ಹಾಗೆ ಅನ್ನುವಾಗ ಕೈಮಗ್ಗದ ಸೀರೆ ಮಾರಿ ನಾಲ್ಕಾರು ನೇಕಾರರ ಮನೆಗೆ ಕೆಲಸ ಕೊಟ್ಟಿರುವವನು ಪ್ರಭು, ಪರದೇಶದ ಬಟ್ಟೆಯ ಅಂಗಿ ತೊಟ್ಟು ನಿಂತಿರುವವನು ನಾನು ಎಂಬುದು ನೆನಪಿಗೆ ಬರದಂತೆ ಎಚ್ಚರ ವಹಿಸುತ್ತಿದ್ದೆ. ಸಾಕ್ಷಿಗಿರಲಿ ಎಂದು ಬೆಟಗೇರಿಯ ಗ್ಯಾರೇಜಿನ ಇಮಾಮಸಾಬನನ್ನೂ ಕೇಳಿದೆ. ಅವನು ಬೀಡಿಯ ಬೂದಿ ಕೊಡವಿ, "ಫಾರೆನ್ ಗಾಡಿ ಆನಿ ಇದ್ದಂಗ್ರಿ ಸರ. ನೋಡಾಕ ಚಂದ. ಜಡ್ಡು ಬಂತಂದ್ರ ಡಾಕ್ಟರ ಸಿಗಂಗಿಲ್ಲ," ಎಂದ. ಎಷ್ಟು ಸಂತೋಷವಾಯಿತೆಂದರೆ ಅಗತ್ಯವಿಲ್ಲದಿದ್ದರೂ ಆಯಿಲ್ ಬದಲಿಸಿಕೊಂಡು ಬಂದೆ. ಅದೇ ಇಮಾಮಸಾಬ ಅದೇ ವಾರ ಪ್ರಭುವಿಗೆ, "ದೇಶಿ ಗಾಡಿ ಮುದಿ ಎಮ್ಮಿ ಇದ್ದಂಗ್ರಿ ಸಾವ್ಕಾರ, ದಿನಾ ಒಂದು ತಕರಾರು," ಎಂದು ಹೇಳಿದ್ದು ಆಮೇಲೆ ತಿಳಿಯಿತು.

ಅತ್ತೆಯವರು ಅದನ್ನು 'ಪರದೇಶಿ ಗಾಡಿ' ಎಂದು ಕರೆಯತೊಡಗಿದರು. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವನು, ಯಾರೂ ಇಲ್ಲದವನು ಎಂಬ ಅರ್ಥವೂ ಉಂಟಲ್ಲ. ಮೊದಲ ಸಲ ಕೇಳಿದಾಗ ನನಗೆ ಒಳಗೊಳಗೇ ಹಿತವಾಯಿತು. ಆದರೆ ಒಂದು ದಿನ ಶಿರಹಟ್ಟಿಯಲ್ಲಿ ಅವರು ನನ್ನ ಕಾರಿನ ಖಾನೆ ತೆರೆದು ತಮ್ಮ ಎಲೆಅಡಿಕೆ ಚೀಲವನ್ನು ತೆಗೆದುಕೊಂಡರು. "ತಪ್ಪು ತಿಳಕೋಬ್ಯಾಡ್ರಿ ಅಳಿಯಂದ್ರ. ಪ್ರಭೂನ ಗಾಡ್ಯಾಗ ಈ ಖಾನಿ ತಂಪಿರತೈತಿ. ಎಲಿ ಬಾಡಂಗಿಲ್ಲ," ಎಂದರು. ಎಲೆ ಬಾಡಲಿಲ್ಲ, ನಿಜ. ನಾನು ಬಾಡಿದೆ.

ಇಂಥ ಸ್ಥಿತಿಯಲ್ಲಿ ಬಸುವಿನ ನಿಶ್ಚಯ ಕಾರ್ಯ ಬಂತು. ಬಸು ನನ್ನ ಹೆಂಡತಿಯ ತಮ್ಮ. ಶಿರಹಟ್ಟಿಯಲ್ಲಿ ಬೀಜ ಗೊಬ್ಬರದ ಅಂಗಡಿ, ಜೊತೆಗೆ ಉಳ್ಳಾಗಡ್ಡಿ ಬೆಳೆಯುವ ಹೊಲ. ಒಕ್ಕಲುತನದ ಹುಡುಗ ಎಂದು ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡಿ ನೋಡಿ, ಅವನ ತಲೆಯ ಮುಂಭಾಗದಲ್ಲಿ ಕೂದಲು ಕಡಿಮೆಯಾಗತೊಡಗಿತ್ತು. ಕಡೆಗೆ ಮುಂಡರಗಿಯಲ್ಲಿ ಒಂದು ಸಂಬಂಧ ಕೂಡಿ ಬಂತು. ಹುಡುಗಿ ಒಪ್ಪಿದಳು, ತಂದೆ ಒಪ್ಪಿದರು. ಅಜ್ಜ ಮಾತ್ರ ಹಳೆಯ ಕಾಲದ ಹಠದವರು. ಘಳಿಗೆ ಎಂದರೆ ಘಳಿಗೆ. ಹೊತ್ತು ಮೀರಿದರೆ ಕಾರ್ಯ ನಿಲ್ಲಿಸಿಬಿಡುತ್ತಾರೆಂದೂ, ಹಿಂದೆ ಒಬ್ಬ ಗಂಡಿನ ಕಡೆಯವರನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದ್ದರೆಂದೂ ಹೇಳಿಕೆ. ಅತ್ತೆಯವರು ಆ ಅಜ್ಜನ ಹೆದರಿಕೆಗೆ ಹಿಂದಿನ ದಿನವೇ ಸರಿಯಾಗಿ ಊಟ ಮಾಡಿರಲಿಲ್ಲ.

ಮುಂಜಾನೆ ಶಿರಹಟ್ಟಿಯ ಮನೆಯ ಮುಂದೆ ಎರಡು ಕಾರುಗಳು ನಿಂತವು. ಮದುಮಗ ಪರದೇಶಿ ಗಾಡಿಯಲ್ಲಿ, ಅದು ಸರಿ. ಅತ್ತೆಯವರು ಅದರಲ್ಲೇ, ಎಲೆ ಬಾಡಬಾರದಲ್ಲ. ಪ್ರಭುವಿನ ಹೆಂಡತಿ ಸುಮಾ ಸಹಜವಾಗಿ ಅದರಲ್ಲೇ. ಉಳಿದ ಒಂದು ಜಾಗದಲ್ಲಿ ನನ್ನ ಧರ್ಮಪತ್ನಿ ಆಗಲೇ ಸೆರಗು ಸರಿಮಾಡಿಕೊಂಡು ಕುಳಿತುಬಿಟ್ಟಿದ್ದಳು. "ತಂಗಿ ಕೂಡ ಮಾತಾಡ್ಕೋತ ಹೋಗ್ತೀನ್ರಿ. ನೀವು ಹಿಂದಿಂದ ಬರ್ರಿ," ಎಂದು ಕಿಟಕಿಯ ಗಾಜು ಏರಿಸಿದಳು. ನನ್ನ ಪಾಲಿಗೆ ಬಂದದ್ದು ಬಾಳೆಹಣ್ಣಿನ ಗೊನೆ, ಕಾಯಿಯ ಚೀಲ, ತಾಟುಗಳು, ಉಂಡಿಯ ಡಬ್ಬಿಗಳು ಮತ್ತು ಕಾರ್ಯ ಮಾಡಿಸುವ ಅಯ್ಯನವರು. ಅಯ್ಯನವರು ದಾರಿಯುದ್ದಕ್ಕೂ ಮುಂದಿನ ಗಾಡಿಯನ್ನೇ ನೋಡುತ್ತಾ, "ಏನು ಹೊಂಟೈತ್ರಿ ಅದು! ನೀರಿನ ಮ್ಯಾಲ ಹೊಂಟಂಗ ಐತಿ," ಎನ್ನುತ್ತಿದ್ದರು. ಪ್ರತಿ ತಗ್ಗಿಗೂ ನನ್ನ ಕಾರಿನಲ್ಲಿ ತಾಟುಗಳು ಝಣ್ ಎಂದು ಬಾರಿಸಿಕೊಂಡು ಅವರ ಮಾತಿಗೆ ಹೌದು ಹೌದು ಎನ್ನುತ್ತಿದ್ದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಎರಡೂ ಕಡೆ ಸೂರ್ಯಕಾಂತಿ ಹೂ ಬಿಟ್ಟಿತ್ತು. ನನಗೆ ಕಾಣುತ್ತಿದ್ದದ್ದು ಆ ಕಪ್ಪು ಗಾಡಿಯ ಬೆನ್ನು ಮಾತ್ರ.

ಮುಂಡರಗಿ ಇನ್ನೂ ದೂರವಿರುವಾಗ, ಹೊಲಗಳ ನಡುವೆ, ಆ ಬೆನ್ನು ನಿಧಾನವಾಯಿತು. ಮಗ್ಗುಲಿಗೆ ಸರಿಯಿತು. ಬೇವಿನ ಮರದ ಕೆಳಗೆ ನಿಂತಿತು.

ನನ್ನೊಳಗೆ ಯಾರೋ ಡೊಳ್ಳಿಗೆ ಒಂದು ಪೆಟ್ಟು ಹಾಕಿದಂತಾಯಿತು. ಮುಖವನ್ನು ಮಾತ್ರ ಸಾವಿನ ಮನೆಗೆ ಮಾತಾಡಿಸಲು ಹೋದವನಂತೆ ಸಪ್ಪಗೆ ಮಾಡಿಕೊಂಡು ಇಳಿದೆ. ಪ್ರಭು ಬೆವೆತಿದ್ದ. "ಅಣ್ಣಾರ, ಇದು ಏನೇನೋ ಬರದು ತೋರಸಾಕ ಹತ್ತೇತ್ರಿ," ಎಂದ. ಬಗ್ಗಿ ನೋಡಿದೆ. ಸಿನಿಮಾ ಪರದೆಯಂಥ ಒಂದು ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಬಹಳ ಸಭ್ಯವಾಗಿ, ಗಾಡಿಯನ್ನು ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ ಮಾರಾಟಗಾರರನ್ನು ಕಾಣಿರಿ ಎಂದು ಬರೆದಿತ್ತು.

"ಎಲ್ಲದಾರ ಅವರು?"

"ಬೆಂಗಳೂರಾಗ್ರಿ," ಎಂದ ಪ್ರಭು.

ಚಾಲು ಮಾಡುವ ಗುಂಡಿಯನ್ನು ಅವನು ಒತ್ತಿದ. ಗಾಡಿ ಘಂಟೆಯ ಹಾಗೆ ಟಿಣ್ ಎಂದು ಮತ್ತೆ ಅದೇ ಮಾತು ಬರೆದು ತೋರಿಸಿತು. ನನ್ನ ಕಾರು ಕೆಟ್ಟರೆ ಕೆಮ್ಮುತ್ತದೆ, ಹೊಗೆ ಬಿಡುತ್ತದೆ, ಎಲ್ಲಿ ನೋವು ಎಂದು ತೋರಿಸಿಕೊಡುತ್ತದೆ. ಇದು ಸಾಹೇಬರ ಹಾಗೆ ಚೀಟಿ ಬರೆದು ಕಳಿಸಿ ಕಣ್ಣು ಮುಚ್ಚಿಕೊಂಡಿತ್ತು. ಇದೆಲ್ಲವನ್ನೂ ಅಲ್ಲೇ ವಿವರಿಸಿ ಹೇಳುವ ಆಸೆ ನನಗೆ ಬಹಳ ಇತ್ತು. ಅಷ್ಟರಲ್ಲಿ ಅತ್ತೆಯವರು ಇಳಿದರು. "ಅಳಿಯಂದ್ರ, ಘಳಿಗಿ ಮೀರತೈತ್ರಿ. ಆ ಅಜ್ಜ ನಮ್ಮ ಬಸೂಗ ಬಾಗಲಾ ಹಾಕ್ತಾನ್ರಿ," ಎಂದವರ ಕಣ್ಣಲ್ಲಿ ನೀರು ನಿಂತಿತ್ತು. ಬಸು ಪೇಟ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಎರಡೂ ಕಡೆ ನೋಡುತ್ತಿದ್ದ. ಅವನ ಮುಖ ನೋಡಿದ ಮೇಲೆ ನನ್ನೊಳಗಿನ ಡೊಳ್ಳು ತುಸು ನಿಂತಿತು. ಪೂರ್ತಿ ನಿಂತಿತು ಎಂದರೆ ಸುಳ್ಳಾದೀತು.

"ಎಲ್ಲಾರೂ ನನ್ನ ಗಾಡ್ಯಾಗ ಹತ್ರಿ," ಎಂದೆ. ಸೇನಾಪತಿಯ ಧ್ವನಿ ನನಗೆ ಇದೆಯೆಂದು ಅಂದೇ ಗೊತ್ತಾದದ್ದು. ಗೊನೆ, ಡಬ್ಬಿಗಳು ಪರದೇಶಿ ಗಾಡಿಯ ಚರ್ಮದ ಸೀಟಿಗೆ ಹೋದವು. ಬೇಕೇ ಬೇಕಾದ ತಾಟುಗಳು ಹೆಂಗಸರ ತೊಡೆಯ ಮೇಲೆ ಬಂದವು. ಹಿಂದೆ ಅಕ್ಕ ತಂಗಿ, ಬಸು, ಅಯ್ಯನವರು ಒಬ್ಬರ ಪಕ್ಕೆಯಲ್ಲಿ ಒಬ್ಬರ ಮೊಣಕೈ ಸೇರಿಸಿ ಕುಳಿತರು. ಅತ್ತೆಯವರು ತಮ್ಮ ಹಳೆಯ ಸೀಟಿಗೆ ಬಂದರು. ಎಲೆಅಡಿಕೆ ಚೀಲ ಕೂಡ! ಪ್ರಭು ಒಬ್ಬನೇ ಗಾಡಿ ಕಾಯಲು ಬೇವಿನ ಮರದ ಕೆಳಗೆ ಉಳಿದ. ನನ್ನ ಕಾರು ಆರು ಜನರ ಭಾರಕ್ಕೆ ಒಮ್ಮೆ ನರಳಿತು, ಆಮೇಲೆ ಹೊರಟಿತು. ತಂಪು ಗಾಳಿ ಬಂದ್ ಮಾಡಿದೆ. ಎಲ್ಲರೂ ಬೆವೆತರು, ಯಾರೂ ದೂರಲಿಲ್ಲ. ಮುಂಡರಗಿಯ ಆ ಮನೆಯ ಹಂದರದ ಮುಂದೆ ಕಾರು ನಿಲ್ಲಿಸಿದಾಗ ಘಳಿಗೆಗೆ ಇನ್ನೂ ಹೊತ್ತಿತ್ತು. ನಾನು ಇಳಿದು, ಸುತ್ತು ಹಾಕಿ, ಬಾಗಿಲು ತೆಗೆದು, ಹೊಗಳಿಕೆಗೆ ಸಿದ್ಧನಾಗಿ ನಿಂತೆ.

ಹುಡುಗಿಯ ಅಜ್ಜ ಕೋಲು ಊರಿಕೊಂಡು ಹೊರಗೆ ಬಂದರು. ನನ್ನನ್ನು ದಾಟಿದರು. ನನ್ನ ಕಾರನ್ನು ದಾಟಿದರು. ಹಣೆಗೆ ಕೈ ಅಡ್ಡ ಹಿಡಿದು ರಸ್ತೆ ನೋಡಿ, "ಎಲ್ಲೈತ್ರಿ ಆ ಫಾರೆನ್ ಗಾಡಿ?" ಎಂದರು.

ಗಂಡಿನ ಕಡೆಯವರು ಹಡಗಿನಲ್ಲಿ ಬಂದ ಕಾರಿನಲ್ಲಿ ಬರುತ್ತಾರೆಂದು ಓಣಿಗೆಲ್ಲ ಖಬರು ಮುಟ್ಟಿತ್ತಂತೆ. ಅದು ದಾರಿಯಲ್ಲಿ ನಿಂತಿದೆ ಎಂದು ಹೇಳಿದ ಕೂಡಲೇ ಹಂದರದ ತುಂಬ ಮರುಕ ಹಬ್ಬಿತು. "ಅಯ್ಯ ಪಾಪ! ಅಂಥಾ ಗಾಡಿ!" ಎಂದು ಹೆಂಗಸರು ಗಲ್ಲಕ್ಕೆ ಕೈ ಹಚ್ಚಿದರು. ಗಂಡಸರು ಮೋಟರ್ ಸೈಕಲ್ ಚಾಲು ಮಾಡಿದರು. ಪ್ರಭುವಿಗೆಂದು ಉಪ್ಪಿಟ್ಟಿನ ಡಬ್ಬಿ ಹೊರಟಿತು, ಚಹಾದ ಥರ್ಮಾಸ್ ಹೊರಟಿತು, ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಹುಲಿ ನೋಡಲು ಹೊರಡುವವರಂತೆ ಜನ ಹೊರಟರು. ಕಡೆಗೆ ಅಜ್ಜನವರೂ ಯಾರದೋ ಬೆನ್ನ ಹಿಂದೆ ಹತ್ತಿ ಕುಳಿತರು.

"ಅಜ್ಜಾರ, ಘಳಿಗಿ?" ಎಂದು ನಮ್ಮ ಅಯ್ಯನವರು ಗಾಬರಿಯಿಂದ ಕೇಳಿದರು.

"ಮುಂದಿನ ಘಳಿಗೀನೂ ಚಲೋನ ಐತೇಳ್ರಿ ಅಯ್ನಾರ, ಪಂಚಾಂಗ ಬಿಚ್ಚಿ ನೋಡ್ರಿ," ಎಂದು ಅಜ್ಜ ಹೊರಟೇಹೋದರು.

ಮದುಮಗನಿಗಾಗಿ ಕಾಯದ ಘಳಿಗೆ ಕೆಟ್ಟ ಕಾರಿಗಾಗಿ ಕಾಯಿತು. ಅತ್ತೆಯವರ ಮುಖಕ್ಕೆ ಬಣ್ಣ ಬಂತು; ಬಸು ಪೇಟ ಸುತ್ತಿಕೊಂಡ. ಅದಕ್ಕೆ ನಾನು ಸಂತೋಷಪಡಬೇಕಿತ್ತು. ಬಹಳ ಹೊತ್ತಿನ ಮೇಲೆ ಪರದೇಶಿ ಗಾಡಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಬಂತು. ಕಾರ್ಯಕ್ಕೆ ಬಂದಿದ್ದ ಬಾಜಾದವರು ಎದುರುಗೊಂಡು ಬಾರಿಸಿದರು. ಪ್ರಭು ಒಳಗೆ ಸ್ಟೇರಿಂಗ್ ಹಿಡಿದುಕೊಂಡು ನಾಚಿಕೆಯಿಂದ ತಲೆ ತಗ್ಗಿಸಿದ್ದ. ನೋಡಿದವರಿಗೆ ಅದೂ ವಿನಯವಾಗಿಯೇ ಕಂಡಿತು. ಉಂಗುರ ಬದಲಾಯಿಸಿದ ಮೇಲೆ ಹುಡುಗ ಹುಡುಗಿಯನ್ನು ಆ ಗಾಡಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆದು ಕೂಗಿದ: "ಯಾರದ್ರಿ ಈ ಹಳೇ ಗಾಡಿ? ಅಡ್ಡ ಬರಾಕ ಹತ್ತೇತಿ, ಒಂದೀಟು ಆ ಕಡಿ ತಗೀರಿ."

ತೆಗೆದೆ. ಓಡುವ ಕಾರು ನನ್ನದಾದ್ದರಿಂದ ತೆಗೆಯಲು ಸಾಧ್ಯವಾಯಿತು ಎಂಬುದನ್ನು ಯಾರೂ ಗಮನಿಸಲಿಲ್ಲ. ಓಡುವ ಕಾರಿನ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಬೇಕಾದಷ್ಟು ಜನರಿದ್ದಾರೆ. ಕೆಟ್ಟು ನಿಂತ ಕಾರಿನ ಮೇಲೂ ಪಟ್ಟವನು ನಾನೊಬ್ಬನೇ ಇರಬೇಕು.

ಗಾಡಿಯನ್ನು ದೊಡ್ಡ ಲಾರಿಯ ಮೇಲೆ ಹೊತ್ತುಕೊಂಡು ಹೋದರು. ಯಾವುದೋ ಕೈಬೆರಳಿನಷ್ಟು ಭಾಗ ಹೊರದೇಶದಿಂದ ಬರಬೇಕಂತೆ. ಅದು ಬರುವ ತನಕ ಪ್ರಭುವನ್ನು ಅಲ್ಲಿ ಇಲ್ಲಿ ಕರೆದೊಯ್ಯುವ ಕೆಲಸ ನನ್ನ ಕಾರಿಗೆ ಬಂತು. ಒಂದು ಭಾನುವಾರ ಲಕ್ಷ್ಮೇಶ್ವರದ ಅಂಗಡಿಗೆ ಸೀರೆಗಳನ್ನು ಮುಟ್ಟಿಸಿ ಇಬ್ಬರೇ ತಿರುಗಿ ಬರುತ್ತಿದ್ದೆವು. ಪ್ರಭು, "ಅಣ್ಣಾರ, ಒಂದು ಮಾತು ಹೇಳಲೇನು? ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದ.

"ಹೇಳಪಾ."

"ನಿಮ್ಮನ್ನ ನೋಡಿದ್ರ ನನಗ ಮೊದಲಿಂದ ಹೊಟ್ಟಿಕಿಚ್ಚು ನೋಡ್ರಿ."

ನಾನು ಗಾಡಿಯನ್ನು ಮಗ್ಗುಲಿಗೆ ನಿಲ್ಲಿಸಿದೆ.

"ಸುಮಾಗ ಬ್ಯಾನಿ ಬಂದಾಗ ನಾ ಸೀರಿ ಗಂಟು ತಗೊಂಡು ಸೊಲ್ಲಾಪುರದಾಗಿದ್ದೆ. ಇದ ಗಾಡ್ಯಾಗ ನೀವ ಆಕೀನ್ನ ದವಾಖಾನಿಗೆ ಒಯ್ದ್ರಿ. ನನ್ನ ಮಗಳ ಮಾರಿ ಮೊದಲ ನೋಡಿದವರು ನೀವು. ನಾ ಆಮ್ಯಾಲ ಬಂದೆ, ನೆಂಟರು ಬಂದಂಗ. ಆ ಮನ್ಯಾಗ ಊಟ ಇದ್ರ ನನಗ ಫೋನ್ ಮಾಡ್ತಾರ. ತ್ರಾಸು ಬಂದ್ರ ನಿಮಗ ಮಾಡ್ತಾರ. ನನಗೂ ಒಮ್ಮೆರ ತ್ರಾಸಿನ್ಯಾಗ ಕರೀಲಿ ಅಂತ ಇಷ್ಟು ದೊಡ್ಡ ಗಾಡಿ ತಗೊಂಡೆ. ಅದು ನೋಡ್ರಿ, ಖರೇ ಬೇಕಾದ ದಿನಾನ ಕೈಕೊಡ್ತು." ಅವನು ಕಿಟಕಿಯ ಕಡೆ ಮುಖ ತಿರುಗಿಸಿದ.

ನನ್ನ ಎದೆಯ ಒಂದು ಮೂಲೆಯಲ್ಲಿ ಅವನ ಮೇಲೆ ಮರುಕ ಬಂದದ್ದು ನಿಜ. ಆದರೆ ಉಳಿದ ಮೂರು ಮೂಲೆಗಳಲ್ಲಿ ಹಬ್ಬವೇ ನಡೆದಿತ್ತು. ನನ್ನ ಮೇಲೆ! ನನ್ನ ಮೇಲೂ ಒಬ್ಬ ಹೊಟ್ಟೆಕಿಚ್ಚು ಪಡುತ್ತಿದ್ದಾನೆ! ಅದೂ ಪರದೇಶಿ ಗಾಡಿಯ ಮಾಲೀಕ! ಈ ಸುಖ ಇಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, ಜನ್ಮದಲ್ಲಿ ಅಂಥ ಭಾವನೆಯ ಹೆಸರನ್ನೇ ಕೇಳದವನಂತೆ, "ಛೇ ಛೇ, ಹಂಗೆಲ್ಲಾ ವಿಚಾರ ಮಾಡಬಾರದಪಾ ಪ್ರಭು. ನಾವೆಲ್ಲಾ ಒಂದ ಮನಿಯವರು," ಎಂದೆ.

"ನಿಮ್ಮಂಥಾ ದೊಡ್ಡ ಮನಸು ನನಗ ಎಲ್ಲಿಂದ ಬರಬೇಕ್ರಿ," ಎಂದ ಅವನು. ನಾನು ಅದನ್ನು ಸಾವಕಾಶವಾಗಿ ಒಪ್ಪಿಕೊಂಡೆ.

ಅವನ ಗಾಡಿ ದುರಸ್ತಿಯಾಗಿ ಬಂದ ಮೇಲೂ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ನಾನು ತ್ರಾಸಿನ ಅಳಿಯ, ಅವನು ಊಟದ ಅಳಿಯ. ಹಂಚಿಕೆ ನ್ಯಾಯವಾಗಿದೆ ಅನಿಸಿತ್ತು. ಮೊನ್ನೆ ಮುಂಜಾನೆ ಶಿರಹಟ್ಟಿಯಿಂದ ಫೋನು ಬಂತು. ಅತ್ತೆಯವರು ಅಂಗಳದಲ್ಲಿ ಜಾರಿ ಬಿದ್ದು ಮೊಣಕಾಲು ಬಾತಿದೆ, ಗದಗಿನ ದವಾಖಾನೆಗೆ ತರಬೇಕು. ಗಿರಿಜಾ ಫೋನಿನಲ್ಲಿ ಮಾತಾಡುತ್ತಿರುವಾಗಲೇ ನಾನು ಅಂಗಿ ತೊಟ್ಟು, ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, ಚಾವಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಬಿಡ್ರಿ, ಪ್ರಭು ಆಗಲೇ ಹೊಂಟಾನಂತ," ಎಂದಳು ಅವಳು. "ಅವ್ವ ಅವಗ ಮೊದಲ ಫೋನ್ ಮಾಡ್ಯಾಳ."

ಕುಳಿತುಬಿಟ್ಟೆ. ಊಟ ಹೋಯಿತು, ಮರ್ಯಾದೆ ಹೋಯಿತು, ಎಲೆಅಡಿಕೆ ಚೀಲ ಮತ್ತೆ ಆ ಕಡೆ ಹೋಗಿತ್ತು. ಈಗ ಅತ್ತೆಯವರ ಮೊಣಕಾಲು ನೋವೂ ಅವನ ಪಾಲಾಯಿತು. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಗಿರಿಜಾ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. "ನಾವೂ ಬರಬೇಕಂತ್ರಿ. ಅವನ ಗಾಡಿ ಹಿಂದಿಂದ. ಎಲ್ಲೆರ ನಿಂತ್ರ ಇರಲಿ ಅಂತ."

ಹೀಗೆ ಶಿರಹಟ್ಟಿಯಿಂದ ಗದಗಿನವರೆಗೆ ನಾನು ಆ ಗಾಡಿಯ ಹಿಂದೆ ಬಂದೆ. ಕಣ್ಣು ಅದರ ಕೆಂಪು ದೀಪದ ಮೇಲೆ. ಪ್ರತಿ ಸಲ ಅದು ಹೊತ್ತಿದಾಗಲೂ ನನ್ನ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತಿತ್ತು, ಎದೆ ಒಮ್ಮೆ ಕುಣಿಯುತ್ತಿತ್ತು. ಒಳಗೆ ವಯಸ್ಸಾದ ಜೀವ ನೋವಿನಿಂದ ನರಳುತ್ತಿದೆ ಎಂದು ನೆನಪಾಗಿ, ದೇವರೇ ಅದು ನಿಲ್ಲದಿರಲಿ ಎಂದು ಬೇಡುತ್ತಿದ್ದೆ. ಬೇಡಿದ ಮರುಕ್ಷಣವೇ, ನಿಂತರೂ ದವಾಖಾನೆಯ ಹತ್ತಿರ ಎಲ್ಲಾದರೂ ನಿಲ್ಲಲಿ, ನೋವಾಗದ ಹಾಗೆ ನಿಲ್ಲಲಿ ಎಂದು ಸಣ್ಣದೊಂದು ತಿದ್ದುಪಡಿ ಸೇರಿಸುತ್ತಿದ್ದೆ. ದೇವರು ಮೊದಲನೆಯದನ್ನಷ್ಟೇ ಕೇಳಿಸಿಕೊಂಡ. ಪರದೇಶಿ ಗಾಡಿ ಎಲ್ಲೂ ನಿಲ್ಲದೆ, ನೀರಿನ ಮೇಲೆ ಹೋದಂತೆ ಹೋಗಿ ದವಾಖಾನೆಯ ಬಾಗಿಲಲ್ಲಿ ನಿಂತಿತು. ಪ್ರಭು ಅತ್ತೆಯವರನ್ನು ಮಗುವಿನಂತೆ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದ. ಎಲುಬು ಮುರಿದಿಲ್ಲ, ಬರೀ ಉಳುಕು ಎಂದು ಡಾಕ್ಟರು ಹೇಳಿದ ಮೇಲೆ ಅತ್ತೆಯವರು ಸಮಾಧಾನದಿಂದ ಸುತ್ತ ನೋಡಿದರು. ನಾನು ಕಣ್ಣಿಗೆ ಬಿದ್ದೆ.

"ಯಾಕ್ರಿ ಅಳಿಯಂದ್ರ, ಮಾರಿ ಇಷ್ಟು ಸಣ್ಣ ಮಾಡೀರಿ? ನಿಮ್ಮ ಗಾಡಿ ದಾರ್ಯಾಗ ಏನರ ತ್ರಾಸು ಕೊಡ್ತೇನು?"

"ಇಲ್ರಿ ಅತ್ತಿಯಾರ," ಎಂದೆ. "ಯಾವ ಗಾಡೀನೂ ತ್ರಾಸು ಕೊಡಲಿಲ್ಲ."

"ಅದ ತ್ರಾಸಾಗೇತಿ ಬೇ ಅವ್ವಾ, ಅವರಿಗೆ," ಎಂದಳು ನನ್ನ ಹೆಂಡತಿ.